ಒಣಗಿದ ಮುಗಿಲು

"ಶಾಲು ಆಮ್ಯಾಲ ಹೊದಿಸಿದ್ರ ಊರು ಮುಳಗತಿತ್ತೇನ್ರಿ? ಮುಗಿಲು ಒಣಗಿ ಹೋತಲ್ರಿ!"

ಬೈಲಹೊಂಗಲದ ಕಲಾ ಬಳಗ ಏರ್ಪಡಿಸಿದ್ದ ಜಲವರ್ಣ ಪ್ರಾತ್ಯಕ್ಷಿಕೆಯಲ್ಲಿ ಚಿತ್ರಕಾರ ಸದಾಶಿವ ಕುಂಚ ಹಿಡಿದುಕೊಂಡೇ ಕೂಗಿದ. ಮುಗಿಲಿಗೆ ಬಣ್ಣ ಹಚ್ಚುತ್ತಿದ್ದವನನ್ನು ನಡುವೆಯೇ ಎಬ್ಬಿಸಿ ಸನ್ಮಾನ ಮಾಡಿದ್ದರು. ಮುಂದಿನ ಸಾಲಿನಲ್ಲಿದ್ದ ದೇವಕ್ಕ ಬೆಚ್ಚಿಬಿದ್ದಳು. ಹಸಿ ಹಾಳೆಯ ಮೇಲೆ ಮೋಡ ಕರಗುವುದನ್ನು ನೋಡಲೆಂದೇ ಅವಳು ಸಿರಸಂಗಿಯಿಂದ ಬಸ್ ಹತ್ತಿ ಬಂದಿದ್ದಳು.

"ಅತಿಥಿಗಳು ಹೋಗಾಕ ಗಡಿಬಿಡಿ ಮಾಡಿದ್ರು, ನಾ ಏನ್ ಮಾಡ್ಲಿ?" ಎಂದ ಬಳಗದ ಅಧ್ಯಕ್ಷ ಅಂದಾನೆಪ್ಪ.

"ಉಣ್ಣಾಕ ಕುಂತಾಂವನ್ನ ಎಬ್ಬಿಸಿ ಹಾರ ಹಾಕಿದಂಗ ಆತು. ಮ್ಯಾಲ ಭಾಷಣ ಬ್ಯಾರೆ!"

"ಚೂರು ನೀರು ಹೊಡೀರಿ, ಸರಿ ಆಗತೈತಿ."

"ಬಣ್ಣ ಒಣಗಿ ಗೆರಿ ಕುಂತಾವ್ರಿ, ಹೋಗೂದಿಲ್ಲ. ಇದೇನು ಗ್ವಾಡಿಗೆ ಸುಣ್ಣ ಹಚ್ಚೂದೇನ್ರಿ?"

"ಇನ್ನೊಂದು ಹಾಳಿ ತಗೋರಲ್ಲ."

"ಈ ಹಾಲ್ ಖಾಲಿ ಮಾಡೂ ಹೊತ್ತಾತಂತ ನೀವ ಅಂದ್ರಿ. ನಮ್ಮೂರ ಮಂದಿ ಮುಂದ ಮೊದಲನೇ ಸಲ ಕುಂತಿದ್ನಿ."

"ನಿಮಗ ಮರ್ಯಾದಿ ಮಾಡಾಕಂತನ ಅಲ್ರಿ ನಾವು ಇದನ್ನೆಲ್ಲಾ…"

ದೇವಕ್ಕನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಮುಗಿಲು ಹ್ಯಾಂಗರ ಇರ್ಲಿ. ಕೆಳಗ ಗುಡ್ಡದ ಚಿತ್ರಾರ ತಗೀರಿ."

"ನೀರು ಬದಲಿ ಮಾಡ್ಕೊಂಡು ಬರತೇನಿ, ಅಕ್ಕಾ."

ಸದಾಶಿವ ಶಾಲನ್ನು ಕುರ್ಚಿಯ ಮೇಲಿಟ್ಟು, ಮಗ್ಗು ಹಿಡಿದು ಹೊರಗೆ ಹೋದ.

ವಂದನಾರ್ಪಣೆಯೂ ಮುಗಿಯಿತು. ದೇವಕ್ಕ ಎದ್ದು ಹೊರಗೆ ಬಂದು ನೋಡಿದಳು. ನಲ್ಲಿಯ ಕೆಳಗೆ ಮಗ್ಗು ತುಂಬಿ ಹರಿಯುತ್ತಿತ್ತು, ಅವನಿರಲಿಲ್ಲ.