ಅಪ್ಪ-ಅವ್ವನ ಆಟ

ಗೋವಾದ ಮಡ್ಕಯಿಯ ಕಾರ್ಖಾನೆಯೊಂದರ ಗೇಟಿನೆದುರು ಮೃದುಲಾ ಬಸ್ಸಿಗೆ ಕಾಯುತ್ತಿದ್ದಳು. ಒಂದು ಪಾಳಿ ಬಿಡುವ, ಇನ್ನೊಂದು ಪಾಳಿ ಸೇರುವ ಹೊತ್ತು. ಪಕ್ಕದಲ್ಲೇ ತನ್ನ ಧಾರವಾಡದ ಕಡೆಯ ಮಾತು ಕೇಳಿ ಕಿವಿ ಅತ್ತ ತಿರುಗಿತು. ಗಂಡ-ಹೆಂಡತಿ ಇಬ್ಬರು ನಿಂತಿದ್ದರು; ಗಂಡ ಕೆಲಸ ಮುಗಿಸಿ ಹೊರಬಂದಿದ್ದ, ಹೆಂಡತಿ ಒಳಗೆ ಹೊರಟಿದ್ದಳು.

“ಸಾಲಿ ಮೀಟಿಂಗಿನ್ಯಾಗ ಏನಂದ್ರು?” ಗಂಡ ಕೇಳಿದ.

“ದಿಲ್ಲಿಯಿಂದ ಹೊಸಾ ಪಠ್ಯಕ್ರಮ ಬಂದೈತಂತ್ರಿ. ಒಂದನೇ ಕ್ಲಾಸಿಗೆ ಪುಸ್ತಕ ಕಡಿಮಿ, ಆಟ ಜಾಸ್ತಿ.”

“ಆಡಾಕ ಸಾಲಿ ಯಾಕ ಬೇಕು?”

“ಆ ಆಟದಾಗೂ ನಮ್ಮ ಶ್ರಾವಣಿ ಹಿಂದ ಅದಾಳಂತ.”

“ಆಟದಾಗ ಹಿಂದ? ಹುಚ್ಚ ಹಿಡದೈತೇನ ಅವ್ರಿಗೆ?”

“ಅಪ್ಪ-ಅವ್ವನ ಆಟ ಆಡಸ್ಯಾರ. ಉಳದ ಹುಡುಗ್ರು ಅಡಗಿ ಮಾಡಿ, ಕೂಡಿ ಉಂಡು, ಮಲಗ್ಯಾವ. ಇಕಿ ಅವ್ವ ಆಗಿದ್ಲಂತ. ಅಪ್ಪನ ಕೈಯಾಗ ಕೀಲಿ ಕೊಟ್ಟು, ‘ಅನ್ನ ಕುಕ್ಕರಿನ್ಯಾಗ ಐತಿ’ ಅಂದು ಓಡಿ ಹೋಗ್ಯಾಳ.”

“ಆಮ್ಯಾಗ?”

“ಆಮ್ಯಾಗೇನು? ಆಟ ಮುಗೀತು ಅಂದ್ಲಂತ.”

ಗಂಡ ಗೇಟಿನ ಕಡೆ ತಿರುಗಿ ನೋಡಿದ.

“ದಿನಾ ಅರ್ಧಾ ತಾಸು ಇಬ್ರೂ ಕೂಡಿ ಮಗಳ ಜೋಡಿ ಆಡ್ರಿ ಅಂದ್ರು ಟೀಚರ್.”

“ಇಬ್ರೂ ಕೂಡಿ ಮನ್ಯಾಗ ಯಾವಾಗ ಇರ್ತೇವಿ? ಹೇಳಬೇಕಿತ್ತಿಲ್ಲೋ!”

“ಹೇಳಿದ್ನಿ. ಟೈಮ್ ಮಾಡ್ಕೋಬೇಕು ಅಂದ್ರು.”

“ಅದನ್ನ ಬಂದು ಕಂಪನಿಯವ್ರಿಗೆ ಹೇಳ್ಲಿ!”

ಸೈರನ್ ಕೂಗಿತು. ಹೆಂಡತಿ ಸೆರಗಿನ ಗಂಟು ಬಿಚ್ಚಿ, ಮನೆಯ ಕೀಲಿ ತೆಗೆದು ಗಂಡನ ಕೈಗಿಟ್ಟಳು.

“ಅನ್ನ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ಕುಕ್ಕರಿನ್ಯಾಗ ಐತಿ,” ಎಂದ ಗಂಡ. “ಓಡು, ಗೇಟ್ ಹಾಕ್ತಾರ.”

ಅವಳು ಓಡಿದಳು.