ಹಿಡೀತಾ, ಡೆಲ್ಬರ್ಟ್?

ಬಾಗಿಲು ಹಾಕಿಕೊಂಡು ಕೂತರೆ ಹೇಳುತ್ತೇನೆ. ಯಾರಾದರೂ ಕಿಸಕ್ಕೆಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಇದು ನಮ್ಮ ದೊಡ್ಡಪ್ಪನ ಮಗ ಡೆಲ್ಬರ್ಟನಿಗೆ, ಇದೇ ಕೆಂಟಕಿ ಬೆಟ್ಟದಲ್ಲಿ ಆದದ್ದು.

ಅವತ್ತು ಕಾರ್ ರೇಸಿನ ಹಿಂದಿನ ರಾತ್ರಿ. ಊಟ ಮುಗಿಸಿ ಡೆಲ್ಬರ್ಟ್ ತನ್ನ ಗ್ಯಾರೇಜಿಗೆ ನಡೆದು ಹೊರಟಿದ್ದ. ದಾರಿಯಲ್ಲಿ ಅವನ ಜೊತೆಗಾರ ಒರಿನ್ ಟ್ಯಾಕೆಟನ ಮನೆ, ಮನೆ ಮುಂದೆ ಬಾವಿ. ಒರಿನ್ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು... ನೋಡಿದರೆ ಒರಿನನ ಹೆಂಡತಿ ಓಲೀಟಾ.

"ಡೆಲ್ಬರ್ಟ್..." ಪಿಸುಗುಟ್ಟಿದಳು. "ಅವತ್ತು ಅವನು ನಿಜವಾಗ್ಲೂ ಕಾಲೆತ್ತಿದ್ನಾ?"

"ಎತ್ತಿದ, ಓಲೀಟಾ. ಎಷ್ಟು ಸಲ ಕೇಳ್ತೀಯ?"

"ನೀನು ನನ್ನ ಮುಖ ನೋಡ್ಕೊಂಡು ಹೇಳೋವರೆಗೂ."

ಡೆಲ್ಬರ್ಟ್ ತಲೆ ತಗ್ಗಿಸಿಕೊಂಡೇ ಮುಂದೆ ಹೋದ.

ಯಾಕೆ ಅಂತ ಕೇಳಿ. ಇಲ್ಲಿಯವರು ಹಳೇ ಕಾರಿನ ಎಂಜಿನ್ನಿಗೆ ಎಂಟುನೂರು ಕುದುರೆಯ ಬಲ ತುಂಬುತ್ತಾರೆ. ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸು ಮಾತ್ರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚರ್ಚಿಗೆ ಹೋಗಲಿಕ್ಕೆ ಮಾಡಿದ್ದು. ಅದನ್ನು ಬಿಚ್ಚಿ ಗಟ್ಟಿ ಮಾಡುವುದೇ ಡೆಲ್ಬರ್ಟ್ ಮತ್ತು ಒರಿನನ ಕಸುಬು. ಒಳಗೆ ಕ್ಲಚ್ ಬಿಲ್ಲೆಗಳನ್ನು ಹೊತ್ತು ತಿರುಗುವ ಒಂದು ಡ್ರಮ್ಮು ಇರುತ್ತದೆ. ಕಾರ್ಖಾನೆಯದು ಎರಕದ್ದು, ವೇಗ ಮಿತಿಮೀರಿದರೆ ಸಿಡಿಯುತ್ತದೆ. ಅದನ್ನು ತೆಗೆದು ಗಟ್ಟಿ ಉಕ್ಕಿನಲ್ಲಿ ಕಡೆದದ್ದನ್ನು ಹಾಕಬೇಕು.

ಒರಿನ್ ತನ್ನ ಕಾರಿಗೆಂದು ಅಂಥದೊಂದನ್ನು ತರಿಸಿ, ಜೋಡಿಸಿಕೊಡು ಅಂತ ಡೆಲ್ಬರ್ಟನ ಕೈಗಿಟ್ಟ. ಪ್ರತಿ ರೇಸಿನಲ್ಲೂ ಒರಿನನೇ ಮುಂದೆ, ನಮ್ಮವನಿಗೆ ಹೊಟ್ಟೆಯುರಿ. ಉಕ್ಕಿನದನ್ನು ತನ್ನ ಗೇರ್‌ಬಾಕ್ಸಿಗೆ ಹಾಕಿಕೊಂಡ. ಒರಿನನದಕ್ಕೆ ಹಳೇ ಎರಕದ್ದನ್ನೇ ಸೇರಿಸಿ ಮುಚ್ಚಿದ. ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ?

ಕೊನೆಗೊಂದು ಪರೀಕ್ಷೆ ಇದೆ. ಒಬ್ಬ ಎಣ್ಣೆಯ ತೂತಿಗೆ ಪೈಪಿನಿಂದ ಗಾಳಿ ಬಿಡುತ್ತಾನೆ, ಇನ್ನೊಬ್ಬ ಗೇರ್‌ಬಾಕ್ಸಿನ ಮೇಲೆ ಅಂಗೈ ಊರಿರುತ್ತಾನೆ. ಒಳಗೆ ಬಿಲ್ಲೆಗಳು ಒತ್ತಿಕೊಂಡು 'ಥಪ್' ಅನ್ನಬೇಕು. "ಹಿಡೀತಾ?" "ಹಿಡೀತು." ಅಷ್ಟೇ ಮಾತು. ಹಾಗಂದ ಮೇಲೆ ಅದನ್ನು ಮತ್ತೆ ಬಿಚ್ಚುವಂತಿಲ್ಲ. ಬಿಚ್ಚಿದರೆ ಜೊತೆಗಾರನ ಮೇಲೆ ನಂಬಿಕೆಯಿಲ್ಲ ಅಂದ ಹಾಗೆ. ಒರಿನ್ ಅವತ್ತು ಅಂಗೈ ಊರಿ ನಗುತ್ತ "ಹಿಡೀತು ಕಣೋ" ಅಂದಿದ್ದ.

ರೇಸಿನ ದಿನ ಡ್ರಮ್ಮು ಸಿಡಿದು, ಕಾರಿನ ತಳ ಸೀಳಿಕೊಂಡು ಬಂದು ಅವನ ಬಲಗಾಲು ತೆಗೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು. ರೇಸಿಗೆ ಮೊದಲು ನಿಂತಲ್ಲೇ ಚಕ್ರ ತಿರುಗಿಸಿ ಟೈರು ಸುಡುವಾಗ ನಡುವೆ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಡ್ರಮ್ಮು ಹಾಗೆ ಸಿಡಿಯುವುದುಂಟು. ಹೊಸಬರು ಮಾಡುವ ತಪ್ಪು. ಡೆಲ್ಬರ್ಟ್ ಅದನ್ನೇ ಒರಿನನ ತಲೆಗೆ ಕಟ್ಟಿದ, ಊರು ನಂಬಿತು. ನನಗಂತೂ ಸಾವಿಗಿಂತ ಈ ಸುಳ್ಳೇ ಹೆಚ್ಚು ಹೇಸಿಗೆ.

ಸರಿ. ಗ್ಯಾರೇಜಿಗೆ ಬಂದ. ಬೆಂಚಿನ ಮೇಲೆ ಅವನ ಗೇರ್‌ಬಾಕ್ಸು, ಸಂಜೆಯಷ್ಟೇ ಅವನೇ ಮುಚ್ಚಿದ್ದು. ಒಳಗೆ ಒರಿನನ ಉಕ್ಕಿನ ಡ್ರಮ್ಮು. ಗಾಳಿ ಪರೀಕ್ಷೆ ಬಾಕಿ. ಒಬ್ಬನೇ ಹೇಗೆ ಮಾಡುವುದು ಅಂದುಕೊಳ್ಳುತ್ತ ಅಂಗೈ ಊರಿದ.

ಸುಯ್ಯ್...

ಗಾಳಿಯ ಪೈಪು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕಂಪ್ರೆಸರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ಥಪ್.

ಅಂಗೈಗೆ ತಾಗಿತು. ಬೆಂಚಿನ ಆಚೆ, ಕತ್ತಲಲ್ಲಿ, ತೀರ ಹತ್ತಿರ...

"ಹಿಡೀತಾ, ಡೆಲ್ಬರ್ಟ್?"

ಇಪ್ಪತ್ತು ವರ್ಷದ ಅಭ್ಯಾಸ ನೋಡಿ. ಹೆದರಿಕೆಗಿಂತ ಮೊದಲು ನಾಲಿಗೆ ಹೊರಳಿತು.

"ಹಿಡೀತು."

"ಸರಿ ಹಾಗಾದ್ರೆ... ಬಿಚ್ಬೇಡ."

ಆಮೇಲೆ ಒಂದು ಕಾಲು ನೆಲದ ಮೇಲೆ ಕುಂಟಿಕೊಂಡು ಹೋದ ಸದ್ದು. ಟಪ್... ಟಪ್... ಟಪ್... ಒಂದೇ ಕಾಲು.

ಬೆಳಗ್ಗೆ ಬಿಚ್ಚಿ ನೋಡೋಣವೆಂದು ಸ್ಪ್ಯಾನರ್ ತೆಗೆದುಕೊಂಡನಂತೆ. ಬಿಚ್ಚಿದರೆ ಒರಿನ್ ಬಂದಿದ್ದ ಅಂತ ತಾನೇ ಒಪ್ಪಿಕೊಂಡ ಹಾಗೆ. ಸ್ಪ್ಯಾನರ್ ಕೆಳಗಿಟ್ಟ. ಗೇರ್‌ಬಾಕ್ಸನ್ನು ಕಾರಿಗೆ ಏರಿಸಿ ಟ್ರ್ಯಾಕಿಗೆ ಹೋದ.

ಟೈರು ಸುಡುತ್ತಿದ್ದಾಗಲೇ 'ಢಮಾರ್' ಅಂತು. ಬಲಗಾಲು ಹೋಯಿತು, ಮೊಣಕಾಲಿನ ಕೆಳಗೆ. ಜೀವ ಮಾತ್ರ ಉಳಿಯಿತು.

ಎಚ್ಚರವಾದಾಗ ಊರಿನವರೆಲ್ಲ ಮಂಚದ ಸುತ್ತ. "ಕಾಲೆತ್ತಿಬಿಟ್ಯಲ್ಲೋ, ಅಷ್ಟೂ ಗೊತ್ತಾಗ್ಲಿಲ್ವಾ?" ಅನ್ನುತ್ತಿದ್ದರು.

"ಎತ್ತಲಿಲ್ಲ," ಅಂತ ಅತ್ತ. "ಆಣೆ ಮಾಡಿ ಹೇಳ್ತೀನಿ, ನಾನು ಎತ್ತಲೇ ಇಲ್ಲ."

ಒಬ್ಬನೂ ನಂಬಲಿಲ್ಲ. ಎಲ್ಲರೂ ಹೋದ ಮೇಲೆ ಓಲೀಟಾ ಬಾಗಿಲಲ್ಲಿ ನಿಂತಿದ್ದಳು.

"ಒರಿನ್ ಎತ್ತಿದ್ನಾ?"

ಅವಳ ಮುಖ ನೋಡಿದ. "ಇಲ್ಲ," ಅಂದ. ಆಮೇಲೆ ಎಲ್ಲ ಹೇಳಿದ.

ಅವನ ಗೇರ್‌ಬಾಕ್ಸಿನೊಳಗೆ ಸಿಕ್ಕಿದ್ದೆಲ್ಲ ಎರಕದ ಚೂರು. ಉಕ್ಕಿನ ಡ್ರಮ್ಮು ರೇಸಿನ ದಿನ ಬೆಳಗ್ಗೆಯೇ ಓಲೀಟಾಗೆ ಬಾವಿಕಟ್ಟೆಯ ಮೇಲೆ ಸಿಕ್ಕಿತ್ತಂತೆ. ಈಗ ಅವಳ ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಕೂತಿದೆ. ಎಷ್ಟು ಒರೆಸಿದರೂ ಗೇರ್‌ಬಾಕ್ಸಿನ ಕೆಂಪೆಣ್ಣೆ ಒಸರುತ್ತದೆ ಅನ್ನುತ್ತಾಳೆ.

ನೀವು ನಂಬಿ, ಬಿಡಿ. ಕಳೆದ ಭಾನುವಾರ ಕಾಫಿಗೆ ಹೋದಾಗ ನಾನೇ ಕೈಯಿಟ್ಟು ನೋಡಿದ್ದೇನೆ. ಹೊರಗೆ ಹಿಮ ಬಿದ್ದಿತ್ತು. ಡ್ರಮ್ಮು ಬೆಚ್ಚಗಿತ್ತು.