ಒರೆಸದ ದಾರಿ

ಸಿಟ್ಟು ಬಂದ್ರೆ ಪೆನ್ನಿನ ಮುಚ್ಚಳ ಕಚ್ಚೋದು ನಿಮ್ಮ ಅಭ್ಯಾಸ ಮೇಡಮ್, ಐದು ವರ್ಷದಿಂದ ನೋಡ್ತಾನೇ ಇದ್ದೀನಲ್ಲ! ಬಿಡಿ, ಹಲ್ಲು ಹಾಳಾಗುತ್ತೆ. ಅಲ್ಲ, ಆ ಇನ್ನೊಂದು ಲ್ಯಾಬಿನವರು ಕಾಗದ ಬರೆದ ಮಾತ್ರಕ್ಕೆ ಆಗೋಯ್ತಾ? 'ನಿಮ್ಮ ಪ್ರಯೋಗ ನಾವೂ ಮಾಡಿದ್ವಿ, ನಮ್ಮ ಇಲಿಗಳಿಗೆ ದಾರಿ ನೆನಪಿರಲಿಲ್ಲ' ಅಂತೆ! ಅವರ ಇಲಿಗಳು ಪೆದ್ದು, ಅದಕ್ಕೆ ನೀವೇನು ಮಾಡ್ತೀರಿ? ನಮ್ಮವು ನೋಡಿ... ಈ ಮರದ ಚಕ್ರವ್ಯೂಹದೊಳಗೆ ಬಿಟ್ರೆ ಸಾಕು, ಎಡಕ್ಕೆ, ಆಮೇಲೆ ಬಲಕ್ಕೆ, ನೇರ ಕಾಳಿನ ಬಟ್ಟಲಿಗೆ! ಅದರಲ್ಲೂ ನಮ್ಮ ಪಂಡಿತ... ಆ ಬಿಳೀ ಇಲಿಗೆ ಹೆಸರಿಟ್ಟವಳು ನಾನೇ ತಾನೆ? ಗೂಡು ತೊಳೆಯೋಳಾದ್ರೇನು, ಯಾರ ತಲೆ ಚುರುಕು ಅಂತ ನನಗೂ ಗೊತ್ತಾಗುತ್ತೆ. ಸೋಮವಾರ ಪಿಎಚ್.ಡಿ. ಪರೀಕ್ಷಕರ ಮುಂದೆ ನಿಂತು ಬಂದ್ರೆ ನೀವು ಡಾಕ್ಟರು!

ಯಾಕೆ ನಗ್ತೀರಿ? ... ನಗು ಅಲ್ವಾ ಅದು?

ಏನು ಹುಡುಕ್ತಿದ್ದೀರಿ? ಸ್ಪಿರಿಟ್ ಕ್ಯಾನಾ? ಕಪಾಟಿನ ಕೆಳಗಿದೆ. ಗೊತ್ತು, ಗೊತ್ತು, ಒಂದು ಇಲಿ ಓಡಿದ ಮೇಲೆ ದಾರೀನ ಸ್ಪಿರಿಟ್ ಹಾಕಿ ಪೂರ್ತಿ ಒರೆಸಬೇಕು. ಇಲ್ಲದಿದ್ರೆ ಮುಂದಿನದು ಅದರ ವಾಸನೆ ಹಿಡಿದು ಹೋಗುತ್ತೆ, ಅದು ನೆನಪಲ್ಲ, ಬರೀ ಮೂಗು. ಮೊದಲ ದಿನವೇ ಹೇಳಿಕೊಟ್ರಲ್ಲ! ಒರೆಸ್ತೀನಿ, ಒರೆಸದೆ ಇರ್ತೀನಾ... ಸೀಲಾ? ಸೀಲು ಒಡೆದಿಲ್ವಾ? ಅದು... ಹೊಸ ಕ್ಯಾನು ಇರಬೇಕು... ಅದರ ಮೇಲಿನ ತಾರೀಖು ಯಾಕೆ ಓದ್ತೀರಿ ಮೇಡಮ್... ಅಷ್ಟು ವರ್ಷ ಹಳೇದಾ?

ಹಾಗೆ ನೋಡಬೇಡಿ ತಾಯಿ. ಮೊದಲ ಮೂರು ತಿಂಗಳು ಅಂಗೈ ಸುಲಿಯೋ ಹಾಗೆ ಒರೆಸಿದೀನಿ. ಏನಾಯ್ತು? ಒಂದಾದ್ರೂ ಬಟ್ಟಲು ಮುಟ್ತಾ? ಮೆಟ್ಟಿಲ ಮೇಲೆ ಕೂತು ಫೋನಲ್ಲಿ ನಿಮ್ಮಮ್ಮನಿಗೆ 'ಎಲ್ಲ ಬಿಟ್ಟು ಬಂದುಬಿಡ್ತೀನಿ' ಅಂತ ಅತ್ರಿ. ಒಂದು ದಿನ ನನಗೆ ಸೊಂಟ ಹಿಡ್ಕೊಂಡಿತ್ತು, ಒರೆಸಲಿಲ್ಲ... ಎಲ್ಲವೂ ಸರಸರ ಓಡಿದ್ವು! ಪಕ್ಕದ ರೂಮಲ್ಲಿ ಕ್ಯಾಮೆರಾ ಪರದೆ ಮೇಲೆ ಓಟ ನೋಡ್ತಿದ್ದೋರು ಓಡಿ ಬಂದು ನನ್ನ ತಬ್ಬಿಕೊಂಡ್ರಿ. ಆ ಮುಖ ನೋಡಿದ ಮೇಲೆ ಮತ್ತೆ ಬಟ್ಟೆ ಹಿಡಿಯೋಕೆ ಮನಸ್ಸು ಬರಬೇಕಲ್ಲ?

ಬೈಯಿರಿ ಬೇಕಾದ್ರೆ... ಅಯ್ಯೋ, ನೀವ್ಯಾಕೆ ಒರೆಸ್ತೀರಿ? ಇಷ್ಟು ಉಜ್ಜಿದ್ರೆ ಮರದ ಬಣ್ಣವೇ ಹೋಗುತ್ತೆ. ಪಂಡಿತನ್ನ ಈಗ ಯಾಕೆ ಎತ್ಕೊಂಡ್ರಿ? ಅದು ಆಗಲೇ ತಿಂದಾಗಿದೆ, ಹಸಿವಿಲ್ಲ, ಓಡಲ್ಲ... ಸರಿ, ಬಿಟ್ಟೇ ನೋಡಿ! ಎಷ್ಟು ಸಲ ಓಡಿದ ದಾರಿ ಅದು, ಕಲಿಯದೆ ಇರುತ್ತಾ? ಎಡಕ್ಕೆ ಕಣೋ... ಹೋಗೋ...

ನಿಂತುಬಿಡ್ತು.

ಮೂಗು ನೆಲಕ್ಕೊತ್ತಿ ಅಲ್ಲಲ್ಲೇ ಸುತ್ತು ಹೊಡೀತಿದೆ, ಪಾಪ. ಮೈ ನಡುಗ್ತಿದೆ ನೋಡಿ. ಎತ್ತಿ ಗೂಡಿಗೆ ಬಿಡ್ಲಾ ಮೇಡಮ್?